ಹದಿನೆಂಟು ಹೆಜ್ಜೆ, ಒಂದು ರಸ್ತೆ

ಏಪ್ರಿಲ್ 14, ಸೋಮವಾರ

ಈ ಪುಸ್ತಕ ಕುದುರೆಗಳದ್ದು. ಯಾವ ಕುದುರೆಗೆ ಯಾವತ್ತು ಲಾಳ ಹೊಡೆದೆ, ಯಾವುದರ ಗೊರಸು ಬಿರುಕು ಬಿಟ್ಟಿದೆ ಎಂದು ಬರೆದಿಡಲು ತಂದದ್ದು. ಹಿಂದಿನ ಅರ್ಧ ಖಾಲಿ ಇದೆ. ಹೇಳಿಕೊಳ್ಳಲು ಮನೆಯಲ್ಲಿ ಈಗ ದೊಡ್ಡವರು ಯಾರೂ ಇಲ್ಲ. ಅದಕ್ಕೆ ಇಲ್ಲಿ ಬರೆಯುತ್ತೇನೆ.

ಇವತ್ತು ಮಗಳು ಕಡ್ಡಿಗೆ ಶಾಲೆ ತೋರಿಸಬೇಕಿತ್ತು. ಹೊಸ ಮಕ್ಕಳು ಬಂದು ಒಂದು ಗಂಟೆ ಬೆಂಚಿನ ಮೇಲೆ ಕೂತು ಹೋಗಲಿ ಎಂದು ಕರೆದಿದ್ದರು. ಶಾಲೆ ನಮ್ಮ ಬೀದಿಯ ಕೊನೆಯಲ್ಲಿ, ದೊಡ್ಡ ರಸ್ತೆಯ ಆಚೆಗಿದೆ. ಈಚೆ ನಿಂತರೆ ಗೇಟಿನ ಹಳದಿ ಬಣ್ಣ ಕಾಣುತ್ತದೆ. ನೀರಿನ ಬಾಟಲಿ ಕೊರಳಿಗೆ ತೂಗುಹಾಕಿಕೊಂಡು ಮನೆಯಿಂದ ಕುಣಿಯುತ್ತಲೇ ಬಂದಳು. ಫುಟ್‌ಪಾತಿನ ಅಂಚು ಬಂದದ್ದೇ ತಡ, ಕುಕ್ಕರಿಸಿ ಕೂತುಬಿಟ್ಟಳು.

"ಬೇಡ ಅಪ್ಪ."

"ಯಾಕೆ ಕಡ್ಡಿ?"

"ಅಲ್ಲಿ ಏನೋ ಇದೆ."

"ಏನಿದೆ?"

"ಗೊತ್ತಿಲ್ಲ. ಇದೆ."

ಐದು ವರ್ಷದ ಮಗು, ಹತ್ತಿಯಷ್ಟೂ ತೂಕವಿಲ್ಲ, ಅದಕ್ಕೇ ಅವಳ ಅಮ್ಮ ಕಡ್ಡಿ ಎಂದು ಕರೆದದ್ದು. ಆದರೆ ಇವತ್ತು ಕಲ್ಲಿನ ಹಾಗೆ ಕೂತಳು. ಬೇರೆ ಮಕ್ಕಳು ಒಳಗೆ ಹೋಗುವುದನ್ನು ನೋಡಿ ಇಬ್ಬರೂ ವಾಪಸ್ ಬಂದೆವು.

ಅವಳ ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಈ ರಸ್ತೆಯಲ್ಲೇ. ಆಗ ಕಡ್ಡಿ ಅಲ್ಲಿರಲಿಲ್ಲ, ಪಕ್ಕದ ಮನೆಯ ಟೈಲರಮ್ಮನ ಬಳಿ ಬಟ್ಟೆ ಚೂರುಗಳ ಜೊತೆ ಆಡುತ್ತಿದ್ದಳು. ಅಮ್ಮನಿಗೆ ಆಸ್ಪತ್ರೆಯಲ್ಲಿ ವಾಸಿಯಾಗಲಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದೇವೆ. ರಸ್ತೆಯ ವಿಷಯ ಯಾರೂ ಬಾಯಿಬಿಟ್ಟಿಲ್ಲ. ಮತ್ತೆ ಇವಳಿಗೆ ಹೇಗೆ ಗೊತ್ತಾಯಿತು?

ಸಂಜೆ ಅತ್ತಿಗೆ ಫೋನ್ ಮಾಡಿದರು. ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಕ್ಕ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಡೆದದ್ದನ್ನು ಹೇಳಿಬಿಟ್ಟೆ.

"ನೋಡಪ್ಪ," ಎಂದರು. "ಜೂನ್ ಎರಡಕ್ಕೆ ಶಾಲೆ ಶುರು. ಅಷ್ಟರಲ್ಲಿ ಅವಳು ನೆಟ್ಟಗೆ ಶಾಲೆಗೆ ಹೋಗೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನಾನು ಕರ್ಕೊಂಡು ಬರ್ತೀನಿ. ನಮ್ಮನೆ ಗೋಡೆಗೆ ಅಂಟಿಕೊಂಡೇ ಶಾಲೆ ಇದೆ. ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ಆ ರಸ್ತೆ ನೋಡ್ಕೊಂಡು ಮಗು ಬೆಳೀಬಾರ್ದು."

ನಾನು ಹ್ಞೂಂ ಎಂದೆ. ಫೋನ್ ಇಟ್ಟ ಮೇಲೆ ಬೇಡ ಎನ್ನಬೇಕಿತ್ತು ಅನ್ನಿಸಿತು.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಗಾಡಿಗಳು ಕಡಿಮೆ ಇರುವಾಗ ಇನ್ನೊಮ್ಮೆ ನೋಡೋಣವೆಂದು ಹೋದೆವು. ಓಡಿಬಿಟ್ಟರೆ ಕಷ್ಟ ಎಂದು ಕೈ ಭದ್ರವಾಗಿ ಹಿಡಿದಿದ್ದೆ. ಅಂಚಿಗೆ ನಾಲ್ಕು ಮಾರು ಇರುವಾಗಲೇ ಅಳು ಶುರು. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದು, ಡಬ್ಬಿಯಿಂದ ಎರಡು ಕ್ರೀಂ ಬಿಸ್ಕತ್ತು ಕೊಟ್ಟೆ. ತಕ್ಷಣ ಸುಮ್ಮನಾದಳು. ಪಾಪ, ಅವಳಿಗೆ ಈಗ ಸಮಾಧಾನ ಮುಖ್ಯ.

ಸ್ಟೇಷನ್ನಿನ ಕೆಳಗಿನ ಸುರಂಗದಿಂದ ಸುತ್ತು ಹಾಕಿಕೊಂಡೂ ಶಾಲೆಗೆ ಹೋಗಬಹುದು. ಹೋಗಿ ಬರಲು ಒಂದೂವರೆ ಗಂಟೆ. ಈಚೀಚೆಗೆ ನಾನು ಆಚೆ ಕಡೆ ಹೋಗುವುದಿದ್ದರೆ ಅದೇ ದಾರಿ. ನಡೆದರೆ ಮೈಗೆ ಒಳ್ಳೆಯದು.

ಏಪ್ರಿಲ್ 19, ಶನಿವಾರ

ಲಾಯದಲ್ಲಿ ಹೊಸ ತಲೆನೋವು. ಮಸಿ ಎನ್ನುವ ಕಪ್ಪು ಹೆಣ್ಣು ಕುದುರೆ ಗೇಟಿನ ಹತ್ತಿರ ಹುಲ್ಲಿನ ಮೇಲೆ ಹಾಸಿದ ನೀಲಿ ಟಾರ್ಪಾಲಿಗೆ ಹೆದರುತ್ತಿದೆ. ಹೋದ ವಾರ ಗಾಳಿಗೆ ಅದು ಪಟಾರನೆ ಎದ್ದು ಅದರ ಮುಖಕ್ಕೆ ಬಡಿದಿತ್ತು. ಈಗ ಟಾರ್ಪಾಲು ಮಲಗಿದ್ದರೂ ಅದರ ಹತ್ತಿರ ಹೋಗುವುದಿಲ್ಲ. ಹೆಜ್ಜೆ ಎಣಿಸಿದೆ. ಹದಿನೆಂಟು ಹೆಜ್ಜೆ ದೂರದಲ್ಲಿ ನಾಲ್ಕು ಕಾಲೂ ಊರಿ ನಿಲ್ಲುತ್ತದೆ.

ಅದಲ್ಲ ವಿಚಿತ್ರ. ಅದರ ಮರಿ ಮೊನ್ನೆಯವರೆಗೂ ಅದೇ ಟಾರ್ಪಾಲಿನ ಮೇಲೆ ಹೊರಳಾಡುತ್ತಿತ್ತು. ಅದಕ್ಕೆ ಏನೂ ಬಡಿದಿಲ್ಲ. ತಾಯಿ ಕಿವಿ ಹಿಂದಕ್ಕೆ ಹಾಕಿ ನಿಲ್ಲುವುದನ್ನು ಎರಡು ದಿನ ನೋಡಿತು, ಮೂರನೇ ದಿನ ಅದೂ ಕಿವಿ ಹಿಂದಕ್ಕೆ ಹಾಕಿತು.

ಸವಾರಿ ಕಲಿಸುವ ಮೇಷ್ಟ್ರು ಬಂದು ನೋಡಿದರು. ವಯಸ್ಸು ಎಪ್ಪತ್ತು ದಾಟಿದೆ, ಎರಡು ಕಾಲೂ ನಡುವೆ ಒಂದು ಪೀಪಾಯಿ ತೂರುವಷ್ಟು ಬಾಗಿವೆ. ಬಾಯಿ ಮಾತ್ರ ನೇರ. ನಾನು ಮಸಿಯನ್ನು ಹಿಡಿದು ಟಾರ್ಪಾಲಿನ ಕಡೆ ನಡೆಸುತ್ತಿದ್ದೆ.

"ಏ ಲಾಳ! ಹಗ್ಗ ಯಾಕೋ ಗಿಡ್ಡ ಹಿಡ್ದೆ?" ಎಂದು ಕೂಗಿದರು. ನನ್ನನ್ನು ಅವರು ಕರೆಯುವುದು ಹಾಗೇ.

"ಓಡಿಬಿಟ್ರೆ ಮೇಷ್ಟ್ರೇ?"

"ಓಡಿದ್ರೆ ಓಡ್ಲಿ, ಗೇಟು ಹಾಕಿದೆ. ಟಾರ್ಪಾಲು ಹತ್ರ ಬಂದಾಗೆಲ್ಲ ನೀನು ಹಗ್ಗ ಬಿಗೀತೀಯ. ಅಲ್ಲೇನೋ ಇದೆ ಅಂತ ನೀನೇ ಅದ್ರ ಕಿವೀಲಿ ಹೇಳ್ತಾ ಇದೀಯಲ್ಲೋ!"

ಈ ಕೆಲಸ ನನಗೇ ವಹಿಸಿದ್ದಾರೆ. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಹಗ್ಗ ಸಡಿಲ. ಬೆದರದೆ ನಿಂತರೆ ಒಂದು ತುಂಡು ಕ್ಯಾರೆಟ್, ಹಿಂದೆ ಸರಿದರೆ ಏನೂ ಇಲ್ಲ. ಬೈಯುವುದೂ ಇಲ್ಲ. ಇದೆಲ್ಲ ನನಗೆ ಗೊತ್ತಿರುವುದೇ, ಆದರೂ ಕೈ ಮರೆತಿತ್ತು.

ಏಪ್ರಿಲ್ 23, ಬುಧವಾರ

ಅತ್ತಿಗೆಯ ಜೊತೆ ಜಗಳ ಆಡಿದೆ. ಮದುವೆಯಾದಾಗಿನಿಂದ ಅವರ ಮುಂದೆ ದನಿ ಎತ್ತಿರಲಿಲ್ಲ.

"ಕಡ್ಡಿಗೆ ನೀವೇ ಹೇಳಿದ್ದೀರಿ," ಎಂದೆ. "ಡಿಸೆಂಬರಲ್ಲಿ ಬಂದಾಗ ನೀವು ಅಳ್ತಾ ಏನೇನೋ ಮಾತಾಡಿದ್ರಿ. ಅವಳು ಕೇಳಿಸ್ಕೊಂಡಿದಾಳೆ."

"ನಾನಾ?" ಎಂದರು ಅತ್ತಿಗೆ. "ಅವಳು ಮಲಗಿದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ ಕಣಪ್ಪ. ನನ್ನ ಮೇಲೆ ಹಾಕ್ಬೇಡ."

ಮತ್ತೆ ಟೈಲರಮ್ಮನನ್ನು ಕೇಳಿದೆ. ಅವರು ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು, "ಆ ವಿಷ್ಯ ನನ್ನ ಗಂಡನ ಹತ್ರಾನೂ ನಾನು ಎರಡನೇ ಸಲ ಆಡಿಲ್ಲ" ಎಂದರು.

ಯಾರೋ ಹೇಳಿದ್ದಾರೆ. ಯಾರೂ ಹೇಳದೆ ಮಗುವಿಗೆ ಹೇಗೆ ಗೊತ್ತಾಗುತ್ತದೆ?

ಏಪ್ರಿಲ್ 24, ಗುರುವಾರ

ಮಸಿ ಹದಿನಾಲ್ಕು ಹೆಜ್ಜೆ. ಕಡ್ಡಿ ಒಂದು ಹೆಜ್ಜೆಯೂ ಇಲ್ಲ.

ಏಪ್ರಿಲ್ 28, ಸೋಮವಾರ

ಕಡ್ಡಿ ಈಗ ಬೀದಿಯ ಅರ್ಧದಲ್ಲೇ ಅಳುತ್ತಾಳೆ. ಬಿಸ್ಕತ್ತಿನ ಡಬ್ಬಿ ಖಾಲಿಯಾಯಿತು, ಹೊಸ ಪೊಟ್ಟಣ ತಂದೆ. ಜೂನ್ ಎರಡಕ್ಕೆ ಐದು ವಾರ. ಅವಳ ಫ್ರಾಕುಗಳನ್ನು ಮಡಿಸಿಡುವಾಗ, ಇವೆಲ್ಲ ಹಿಡಿಯಲು ಎಷ್ಟು ದೊಡ್ಡ ಪೆಟ್ಟಿಗೆ ಬೇಕಾದೀತು ಎಂದು ಮನಸ್ಸು ಲೆಕ್ಕ ಹಾಕಿತು. ಚಿಕ್ಕದು ಸಾಕು. ಅದೇ ಸಂಕಟ.

ಮೇ 2, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಟೈಲರಮ್ಮ ಊರಲ್ಲಿರಲಿಲ್ಲ. ಕಡ್ಡಿಯನ್ನು ಲಾಯಕ್ಕೇ ಕರೆತಂದಿದ್ದೆ. ನಾನು ಒಂದು ಕುದುರೆಯ ಹಿಂಗಾಲು ತೊಡೆಯ ಮೇಲೆ ಇಟ್ಟುಕೊಂಡು ಹಳೆಯ ಲಾಳ ಕೀಳುತ್ತಿದ್ದೆ, ಬಿಡುವ ಹಾಗಿರಲಿಲ್ಲ. ಮೇಷ್ಟ್ರಿಗೆ ಮಂಡಿನೋವಿನ ಮುಲಾಮು ಮುಗಿದಿತ್ತು.

"ಬಾರೇ ಕಡ್ಡಿ, ಅಂಗಡಿಗೆ ಹೋಗಿ ಬರೋಣ," ಎಂದರು. ಅವಳು ಎದ್ದು ಹೊರಟೇಬಿಟ್ಟಳು. ಯಾವ ಅಂಗಡಿ ಎಂದು ನಾನು ಕೇಳಲಿಲ್ಲ.

ಲಾಳ ಕಿತ್ತು ತಲೆ ಎತ್ತಿದೆ. ಲಾಯದ ಗೇಟಿನಿಂದ ಅದೇ ದೊಡ್ಡ ರಸ್ತೆ ಕಾಣುತ್ತದೆ. ಔಷಧಿ ಅಂಗಡಿ ರಸ್ತೆಯ ಆಚೆ. ಬಿಳಿ ಪಟ್ಟೆಯ ಮೇಲೆ ಆ ಬಾಗಿದ ಕಾಲಿನ ಮುದುಕ ಗಡಿಯಾರದ ಲೋಲಕದ ಹಾಗೆ ಓಲಾಡುತ್ತಾ ಹೋಗುತ್ತಿದ್ದಾರೆ. ಪಕ್ಕದಲ್ಲಿ ಕಡ್ಡಿ. ಅವರ ಕಿರುಬೆರಳನ್ನು ಮಾತ್ರ ಹಿಡಿದುಕೊಂಡು, ಬಿಳಿ ಪಟ್ಟೆಯಿಂದ ಬಿಳಿ ಪಟ್ಟೆಗೆ ಎರಡು ಕಾಲೂ ಜೋಡಿಸಿ ಹಾರುತ್ತಾ ಹೋಗುತ್ತಿದ್ದಾಳೆ.

ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ಅವರು ವಾಪಸ್ ಬರುವವರೆಗೂ ನಾನು ಇಕ್ಕಳ ಹಿಡಿದು ನಿಂತೇ ಇದ್ದೆ. ಕಡ್ಡಿ ಬಂದು, "ಅಪ್ಪ, ಅಂಗಡಿಯವರ ಹತ್ರ ಮೀನಿದೆ, ಗಾಜಿನ ಡಬ್ಬೀಲಿ!" ಎಂದಳು. ರಸ್ತೆಯ ವಿಷಯ ಏನೂ ಇಲ್ಲ.

ಮೇಷ್ಟ್ರ ಮೇಲೆ ರೇಗಿದೆ. ಕೇಳದೆ ಹೇಗೆ ಕರೆದುಕೊಂಡು ಹೋದಿರಿ ಎಂದೆ. ಇನ್ನೂ ಏನೇನೋ ಎಂದೆ. ಅವರು ಮುಲಾಮು ತಿಕ್ಕಿಕೊಳ್ಳುತ್ತಾ ಕೇಳಿಸಿಕೊಂಡರು.

ನಾನು ಅವಳ ಅಪ್ಪ. ನನ್ನ ಕೈ ಹಿಡಿದು ಬರುವುದಿಲ್ಲ, ಯಾರದೋ ಕಿರುಬೆರಳು ಹಿಡಿದು ಹೋಗುತ್ತಾಳೆ.

ಮೇ 3, ಶನಿವಾರ

ಕೆಲಸ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ರಸ್ತೆಯ ಅಂಚಿಗೆ ಕರೆದುಕೊಂಡು ಹೋದರು.

"ಕೈ ಕೊಡು."

"ಏನ್ ಮೇಷ್ಟ್ರೇ ಇದು, ಜನ ನೋಡ್ತಾರೆ."

"ನೋಡ್ಲಿ, ಇಬ್ರೂ ಅಷ್ಟೇನೂ ಚೆನ್ನಾಗಿಲ್ಲ. ಕೊಡು."

ಕೊಟ್ಟೆ. ಸುಮ್ಮನೆ ನಿಂತೆವು. ಒಂದು ಲಾರಿ ಬಂತು, ಹಾರನ್ ಹೊಡೆಯಿತು, ಹೋಯಿತು. ಮೇಷ್ಟ್ರು ತಮ್ಮ ಕೈ ಬಿಡಿಸಿಕೊಂಡು ನನ್ನ ಮುಖದ ಮುಂದೆ ಹಿಡಿದರು. ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ಬಿಳಿಚಿದ್ದವು.

"ಇದು ಕೈಯೇನೋ? ಇಕ್ಕಳ! ನಂಗೇ ಜೀವ ಹೋಯ್ತು. ಆ ಕಡ್ಡಿ ಏನ್ ಮಾಡ್ಬೇಕು?"

"ನಾನು ಹಿಡಿದೇ ಇಲ್ಲ..."

"ನೀನು ಹಿಡೀಲಿಲ್ಲ, ಅದೇ ಹಿಡೀತು. ಅದಕ್ಕೇ ಹೇಳ್ತಾ ಇರೋದು. ಅವಳಿಗೆ ಯಾರು ಹೇಳಿದ್ರು ಅಂತ ಊರೆಲ್ಲ ವಿಚಾರಿಸ್ತಾ ಇದ್ದೆಯಲ್ಲ. ಸಿಕ್ಕಿದ ನೋಡು."

ಮನೆಗೆ ಬಂದು ಕೂತೆ. ಕಡ್ಡಿ ಬಿಸ್ಕತ್ತು ಕೇಳಿದಳು. ಡಬ್ಬಿ ಕೆಳಗಿಳಿಸಿದವನು ಹಾಗೇ ನಿಂತೆ. ಹದಿನೆಂಟು ವರ್ಷದಿಂದ ಕುದುರೆಗಳ ಜೊತೆ ಇದ್ದೇನೆ. ಹಿಂದೆ ಸರಿದ ಕುದುರೆಗೆ ಒಂದು ದಿನವೂ ಕ್ಯಾರೆಟ್ ಕೊಟ್ಟವನಲ್ಲ. ನನ್ನ ಮಗಳು ಅಂಚಿನಲ್ಲಿ ಕೂತು ಅತ್ತಾಗೆಲ್ಲ ಹೆಗಲ ಮೇಲೆ ಹೊತ್ತು ತಂದು ಎರಡೆರಡು ಬಿಸ್ಕತ್ತು ಕೊಟ್ಟಿದ್ದೇನೆ. ಬಹಳ ಚೆನ್ನಾಗಿ ಕಲಿಸಿದ್ದೇನೆ. ಬೀದಿಯ ಅರ್ಧದಲ್ಲೇ ಅಳುವಷ್ಟು ಚೆನ್ನಾಗಿ.

ನಗು ಬಂತು. ಕಡ್ಡಿಯೂ ಸುಮ್ಮಸುಮ್ಮನೆ ನಕ್ಕಳು. ಬಿಸ್ಕತ್ತು ಕೊಟ್ಟೆ, ಇವತ್ತು ಅತ್ತಿರಲಿಲ್ಲ.

ಅತ್ತಿಗೆಗೆ ಫೋನ್ ಮಾಡಿ ತಪ್ಪಾಯಿತು ಎಂದೆ.

ಮೇ 5, ಸೋಮವಾರ

ಅವತ್ತು ಕಡ್ಡಿಯ ಅಮ್ಮನೂ ನಾನೂ ಒಟ್ಟಿಗೇ ರಸ್ತೆಗೆ ಇಳಿದೆವು. ನನ್ನ ಎರಡು ಕೈಯಲ್ಲೂ ಸಾಮಾನಿನ ಚೀಲ ಇತ್ತು. ಚಪ್ಪಲಿಯ ಪಟ್ಟಿ ಕಳಚಿತು ಎಂದು ಅವಳು ಒಂದು ಹೆಜ್ಜೆ ಹಿಂದೆ ಉಳಿದಳು. ಹಾರನ್ ಕೇಳಿ ತಿರುಗಿದಾಗ ನಾನು ದಾಟಿಯಾಗಿತ್ತು.

ಕೈ ಖಾಲಿ ಇದ್ದಿದ್ದರೆ ಹಿಡಿದಿರುತ್ತಿದ್ದೆ.

ಬರೆದೆ. ಇಷ್ಟೇ ಇತ್ತು. ಇಷ್ಟನ್ನೇ ಯಾರಿಗೂ ಹೇಳಿರಲಿಲ್ಲ.

ಮೇ 9, ಶುಕ್ರವಾರ

ಮೇಷ್ಟ್ರು ನನ್ನನ್ನು ಪಳಗಿಸಲು ಶುರು ಮಾಡಿದ್ದಾರೆ. ದಿನಾ ಊಟದ ಬಿಡುವಿನಲ್ಲಿ ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ದಾಟುವುದು ಬೇಡ. ನಿಂತು, ಕೈ ಸಡಿಲ ಬಿಟ್ಟು, ಹತ್ತು ಗಾಡಿ ಹೋಗುವವರೆಗೆ ಇರಬೇಕು. ಮೊದಲ ದಿನ ಮೂರು ಗಾಡಿಗೇ ಬೆನ್ನು ಬೆವತು ಹಿಂದೆ ಬಂದೆ. ಇವತ್ತು ಹತ್ತು ಪೂರೈಸಿದೆ. ಮೇಷ್ಟ್ರು ಜೇಬಿನಿಂದ ಒಂದು ಕ್ಯಾರೆಟ್ ತೆಗೆದು ಗಂಭೀರವಾಗಿ ಚಾಚಿದರು.

"ನಾಚಿಕೆ ಆಗಲ್ವೇ ಮೇಷ್ಟ್ರೇ?"

"ಮಸಿ ಯಾವತ್ತೂ ಹಾಗೆ ಕೇಳಿಲ್ಲ ಕಣೋ. ತಿನ್ನು."

ತಿಂದೆ. ಸಿಹಿಯಾಗಿತ್ತು. ಸ್ವಲ್ಪ ಮಣ್ಣೂ ಇತ್ತು.

ಮೇ 15, ಗುರುವಾರ

ಒಬ್ಬನೇ ದಾಟಿದೆ. ಆಚೆ ಹೋಗಿ ಔಷಧಿ ಅಂಗಡಿಯ ಮೀನು ನೋಡಿ ವಾಪಸ್ ಬಂದೆ. ಮೀನು ಕಿತ್ತಳೆ ಬಣ್ಣದ್ದು, ಒಂದೇ ಇದೆ.

ಮಸಿ ನಾಲ್ಕು ಹೆಜ್ಜೆ. ಮರಿ ಇನ್ನೂ ತಾಯಿಯ ಬೆನ್ನ ಹಿಂದೆ.

ಮೇ 20, ಮಂಗಳವಾರ

ಕಡ್ಡಿಯನ್ನು ಅಂಚಿಗೆ ಕರೆದುಕೊಂಡು ಹೋದೆ. ದಾಟಲು ಅಲ್ಲ, ನಿಲ್ಲಲು. ಮೊದಲೇ ಹಾಗೆ ಹೇಳಿದ್ದೆ.

"ದಾಟಲ್ವಾ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ಇಲ್ಲ. ಕೆಂಪು ಗಾಡಿ ನಿಂದು, ಬಿಳಿ ಗಾಡಿ ನಂದು. ಯಾರದ್ದು ಜಾಸ್ತಿ ಬರುತ್ತೆ ನೋಡೋಣ."

ನನ್ನ ಕೈಯನ್ನು ತೆರೆದೇ ಇಟ್ಟುಕೊಂಡಿದ್ದೆ, ನೀರು ಹಿಡಿಯುವವನ ಹಾಗೆ. ಅವಳ ಕೈ ಅದರೊಳಗೆ ಸುಮ್ಮನೆ ಇತ್ತು. ಒಮ್ಮೆ ಬಸ್ಸು ಬಂತು. ಅವಳು ಬಸ್ಸನ್ನು ನೋಡಲಿಲ್ಲ, ತಲೆ ಎತ್ತಿ ನನ್ನ ಮುಖ ನೋಡಿದಳು. ಆಗ ತಿಳಿಯಿತು, ಇಷ್ಟು ದಿನವೂ ಅವಳು ನೋಡುತ್ತಿದ್ದದ್ದು ರಸ್ತೆಯನ್ನಲ್ಲ.

ಬಿಳಿ ಗಾಡಿಗಳೇ ಗೆದ್ದವು. ಮೋಸ ಎಂದು ಜಗಳ ತೆಗೆದಳು. ಅಳಲಿಲ್ಲ.

ಮೇ 26, ಸೋಮವಾರ

ಮಸಿ ಟಾರ್ಪಾಲಿನ ಮೇಲೆ ಕಾಲಿಟ್ಟಿತು! ಒಂದು ಕಾಲು, ಮೂಸಿ ನೋಡಿ ಇನ್ನೊಂದು ಕಾಲು. ನಾನು ಉಸಿರು ಬಿಡದೆ ಹಗ್ಗ ಜೋತುಬಿಟ್ಟು ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮರಿ ಮತ್ತೆ ಅದರ ಮೇಲೆ ಹೊರಳುತ್ತಿತ್ತು. ಅದಕ್ಕೆ ನಾವು ಏನೂ ಕಲಿಸಲಿಲ್ಲ. ಒಂದು ಕ್ಯಾರೆಟ್ ಕೂಡ ಖರ್ಚಾಗಲಿಲ್ಲ.

ಕಡ್ಡಿಯೂ ನಾನೂ ಎರಡು ಬಿಳಿ ಪಟ್ಟೆಯವರೆಗೆ ಹೋಗಿ ಬಂದೆವು. ಅತ್ತಿಗೆ ಶನಿವಾರ ಬರುತ್ತಾರೆ.

ಮೇ 31, ಶನಿವಾರ

ಅತ್ತಿಗೆ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಖಾಲಿ ಪೆಟ್ಟಿಗೆ. ಅದನ್ನು ಬಾಗಿಲ ಹಿಂದೆ ಇಟ್ಟರು. ಕಡ್ಡಿ ಅದರೊಳಗೆ ಇಳಿದು ಕೂತು ದೋಣಿ ಎಂದಳು. ಇಬ್ಬರಿಗೂ ನಗಲು ಆಗಲಿಲ್ಲ.

"ತೋರ್ಸು, ನೋಡೋಣ," ಎಂದರು ಅತ್ತಿಗೆ.

ಮೂವರೂ ಹೊರಟೆವು. ಅಂಚಿನಲ್ಲಿ ನಿಂತು ಎರಡೂ ಕಡೆ ನೋಡಿದೆವು. ಗಾಡಿಗಳು ನಿಂತವು. ಇಳಿದೆವು. ಅತ್ತಿಗೆ ನಾಲ್ಕು ಹೆಜ್ಜೆ ಹಿಂದೆ. ಅರ್ಧ ದಾಟಿದ್ದೆವು, ನಿಂತಿದ್ದ ಸಾಲಿನಿಂದ ಒಬ್ಬ ತಾಳ್ಮೆ ಕೆಟ್ಟು ಹಾರನ್ ಒತ್ತಿ ಹಿಡಿದ. ಅದೇ ಸದ್ದು. ನನ್ನ ಕಾಲು ನಿಂತಿತು. ಹನ್ನೆರಡು ದಿನ ತೆರೆದಿಟ್ಟ ಕೈ ಮುಚ್ಚಿಕೊಳ್ಳತೊಡಗಿದ್ದು ನನಗೇ ಗೊತ್ತಾಯಿತು, ತಡೆಯಲು ಆಗಲಿಲ್ಲ. ಮುಗಿಯಿತು ಎಂದುಕೊಂಡೆ. ಇನ್ನು ಕೂತುಬಿಡುತ್ತಾಳೆ, ಇಲ್ಲೇ, ರಸ್ತೆಯ ನಡುವೆ, ಅತ್ತಿಗೆಯ ಕಣ್ಣೆದುರು.

ಕಡ್ಡಿ ನನ್ನ ಮುಖ ನೋಡಿದಳು. ಆಮೇಲೆ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ತಟ್ಟಿದಳು, ನಿಧಾನ, ಅಂಗೈ ಚಪ್ಪಟೆ ಮಾಡಿ, ಮೇಲಿಂದ ಕೆಳಗೆ.

"ಹೋ... ಹೋ... ಏನಿಲ್ಲ, ಏನಿಲ್ಲ. ನಡಿ ನನ್ನ ರಾಜ."

ನನ್ನದೇ ದನಿ. ಬೆದರಿದ ಕುದುರೆಯ ಕುತ್ತಿಗೆ ತಟ್ಟುತ್ತಾ ನಾನು ಹೇಳುವ ಮಾತು, ಅದೇ ಏರಿಳಿತ. ಲಾಯಕ್ಕೆ ಬಂದಾಗೆಲ್ಲ ಮೂಲೆಯಲ್ಲಿ ಹುಲ್ಲು ಹೆಣೆಯುತ್ತಾ ಕೂತಿರುತ್ತಿದ್ದಳು, ಇದನ್ನೆಲ್ಲ ಯಾವಾಗ ನೋಡಿಕೊಂಡಳೋ. ನಾನು ಕಲಿಸಿದ್ದಲ್ಲ.

ಕಾಲು ಎದ್ದಿತು. ನಡೆದೆವು.

ಆಚೆ ಬದಿಯಲ್ಲಿ ಅತ್ತಿಗೆ ಬಂದು ಸೇರಿದರು. ಸೆರಗಿನಿಂದ ಮೂಗು ಒರೆಸಿಕೊಂಡು, "ಯಾರು ಯಾರನ್ನ ದಾಟಿಸಿದ್ದು ಅಂತ ಕೇಳಲ್ಲ ಬಿಡು," ಎಂದರು.

"ದೊಡ್ಡಮ್ಮ, ಅಪ್ಪಂಗೆ ಕ್ಯಾರೆಟ್ ಕೊಡ್ಬೇಕು," ಎಂದಳು ಕಡ್ಡಿ.

"ಅದೇನೇ ಅದು?"

"ಹೆದರದೆ ಬಂದ್ರೆ ಕೊಡ್ತಾರೆ. ಸ್ವಲ್ಪ ಹೆದರಿದ. ಅರ್ಧ ಕೊಡಿ."

ಸಂಜೆ ಪೆಟ್ಟಿಗೆಯಲ್ಲಿ ಅತ್ತಿಗೆ ತಮ್ಮ ತಂಗಿಯ ಎರಡು ಸೀರೆ ಇಟ್ಟುಕೊಂಡರು. ಕೇಳಿಯೇ ಇಟ್ಟುಕೊಂಡರು. ನನಗೂ ಅವುಗಳನ್ನು ಕೊಡುವುದು ಕಷ್ಟವಾಗಲಿಲ್ಲ. ಹಸಿರು ಸೀರೆ ಉಟ್ಟ ದಿನ ಅವಳು ಕನ್ನಡಿಯ ಮುಂದೆ ಎಷ್ಟು ಹೊತ್ತು ಮಾಡುತ್ತಿದ್ದಳು ಎಂದು ಹೇಳಿಕೊಂಡು ನಗಾಡಿದೆವು.

ಜೂನ್ 2, ಸೋಮವಾರ

ಕಡ್ಡಿ ಶಾಲೆಗೆ ಹೋದಳು. ಹಳದಿ ಗೇಟಿನ ಹತ್ತಿರ ನನ್ನ ಕೈ ಬಿಟ್ಟು ಹೊಸ ಚೀಲ ಕುಲುಕಿಸುತ್ತಾ ಒಳಗೆ ಓಡಿದಳು. ಒಮ್ಮೆ ತಿರುಗಿ ನೋಡುತ್ತಾಳೇನೋ ಎಂದು ನಿಂತೆ. ನೋಡಲಿಲ್ಲ. ಟೀಚರಮ್ಮ ಬಂದು, ಮಗು ತಾನೇ ಊಟ ಮಾಡುತ್ತಾಳಾ ಎಂದು ಕೇಳಿದರು. ಮಾಡುತ್ತಾಳೆ, ಚೆಲ್ಲುತ್ತಾಳೆ ಎಂದೆ.

ಮನೆಗೆ ಬಂದಾಗ ಅತ್ತಿಗೆ ಚಹಾ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಮಧ್ಯಾಹ್ನದ ರೈಲಿಗೆ ಅವರು ಹೊರಡಬೇಕಿತ್ತು.

"ಅತ್ತಳಾ?"

"ಇಲ್ಲ."

"ನೀನು?"

"ಇಲ್ಲ ಅತ್ತಿಗೆ."

ಚಹಾ ಬಗ್ಗಿಸಿ ಲೋಟವನ್ನು ನನ್ನ ಮುಂದೆ ಇಟ್ಟರು. ಆಮೇಲೆ ಮೆಲ್ಲಗೆ, "ಹೋಗುವಾಗ ಅವಳಿದ್ದಳು, ಸರಿ. ಬರುವಾಗ ಒಬ್ಬನೇ ಹೇಗೆ ದಾಟಿದೆ?" ಎಂದರು.

ಯೋಚಿಸಿದೆ. ಗೇಟು ನೆನಪಿದೆ. ಟೀಚರಮ್ಮನ ಕನ್ನಡಕ ನೆನಪಿದೆ. ಮಸಿಯ ಎಡ ಹಿಂಗಾಲಿನ ಲಾಳ ಸವೆದಿದೆ, ನಾಳೆ ಬದಲಾಯಿಸಬೇಕು, ಮೊಳೆ ಸಾಕಷ್ಟು ಇವೆಯೋ ಇಲ್ಲವೋ ಎಂದುಕೊಳ್ಳುತ್ತಾ ಬಂದದ್ದು ನೆನಪಿದೆ. ಆಮೇಲೆ ನಮ್ಮ ಬಾಗಿಲು. ನಡುವೆ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

"ದಾಟಿರಬೇಕು ಅತ್ತಿಗೆ," ಎಂದೆ. "ಮನೆಗೆ ಬಂದಿದ್ದೀನಲ್ಲ."